ಹಿತ್ತಿಲಲ್ಲಿ ಸಿಕ್ಕ ಬಿಳಿ ಮುರುಗಲು

ಮೇ 12, 2024, ಭಾನುವಾರ
ಶಿರಸಿ

ಮುರುಗಲು (ಕೋಕಂ, ಪುನರ್ಪುಳಿ ಅಂತಲೂ ಕರೆಯುವ ಹುಳಿ ಹಣ್ಣು) ಅಂದ್ರೆ ಕೆಂಪು, ನಮ್ಮ ಕಡೆಯವರಿಗೆ ಇದನ್ನು ಬೇರೆ ಹೇಳಬೇಕಾ? ಬೇಸಿಗೆ ಬಂತೆಂದರೆ ಅಂಗಳದಲ್ಲಿ ಸಿಪ್ಪೆ ಒಣಗಿಸಿದ ಚಾಪೆ ಕೆಂಪು, ಹಣ್ಣು ಒಡೆದವರ ಬೆರಳು ಕೆಂಪು, ಶರಬತ್ತು ಚೆಲ್ಲಿಕೊಂಡ ಮಕ್ಕಳ ಅಂಗಿಯಂತೂ ಎಷ್ಟು ತಿಕ್ಕಿದರೂ ಅಷ್ಟೇ. ಇವತ್ತು ಅತ್ತೆ ಮನೆ ಹಿತ್ತಿಲಲ್ಲಿ ಬಿಳಿ ಮುರುಗಲು ನೋಡಿದೆ.

ಮರದ ಬುಡದ ತುಂಬ ಹಳದಿ ಹಣ್ಣು ಉದುರಿತ್ತು. "ಇದಿನ್ನೂ ಕಾಯಿ ಅಲ್ವಾ ಅತ್ತೆ?" ಅಂದೆ. "ಹಣ್ಣೇ ಮಾರಾಯ್ತಿ, ಒಡೆದು ನೋಡು" ಅಂದರು. ಹೆಬ್ಬೆರಳಿನಿಂದ ಒತ್ತಿದರೆ ಪಟ್ಟನೆ ಒಡೆಯಿತು. ಒಳಗೆ ಬೀಜಕ್ಕೆ ಅಂಟಿಕೊಂಡ ಬೆಳ್ಳಗಿನ ತಿರುಳು, ಕೈಗೆ ಇಳಿದ ರಸಕ್ಕೆ ಬಣ್ಣವೇ ಇಲ್ಲ. ಹುಳಿ ಮಾತ್ರ ಅದೇ ಹುಳಿ, ಹಲ್ಲು ಜುಂ ಅಂದುಬಿಟ್ಟಿತು!

ಇದು ಬೇರೆ ಜಾತಿಯ ಮರವೇನಲ್ಲ, ಮುರುಗಲದ್ದೇ ಒಂದು ಬಗೆ. ಕೆಂಪು ಹಣ್ಣಿಗೆ ಬಣ್ಣ ಕೊಡುವ ಆಂಥೋಸಯನಿನ್ ಇದರಲ್ಲಿ ಇರುವುದಿಲ್ಲ, ಅಷ್ಟೇ. ಬೀಜದಿಂದ ಮುರುಗಲು ತುಪ್ಪ ತೆಗೆಯಬಹುದು, ಒಡೆದ ಹಿಮ್ಮಡಿಗೆ ಹಚ್ಚಲೂಬಹುದು.

ಅತ್ತೆ ಅಡುಗೆಗೆ ಇದನ್ನೇ ಇಷ್ಟಪಡುತ್ತಾರೆ. ಮಧ್ಯಾಹ್ನ ಊಟಕ್ಕೆ ಇದರದ್ದೇ ತಂಬುಳಿ. ಸಿಪ್ಪೆ ನೆನೆಸಿ, ಕಿವುಚಿ, ಕಾಯಿ ಜೊತೆ ಬೀಸಿ, ಜೀರಿಗೆ ಒಗ್ಗರಣೆ. ಕೆಂಪು ಸಿಪ್ಪೆ ಹಾಕಿದರೆ ತೆಂಗಿನಕಾಯಿ ಹಾಲೆಲ್ಲ ಗುಲಾಬಿ ಆಗುತ್ತದಲ್ಲ, ಅದು ಇಲ್ಲಿಲ್ಲ. ಸಾರಿಗೂ ಸಾಂಬಾರಿಗೂ ಹಾಗೇ, ಹುಳಿ ಕೊಟ್ಟು ಸುಮ್ನೆ ಇರುತ್ತದೆ. ನನಗಂತೂ ಅಡುಗೆಗೆ ಕೆಂಪಿಗಿಂತ ಇದೇ ಮೇಲು ಅನ್ನಿಸಿತು. ಶರಬತ್ತಿನ ವಿಷಯ ಬೇರೆ. ಸಕ್ಕರೆ ಹಾಕಿ ಬಿಸಿಲಿಗಿಟ್ಟ ಭರಣಿಯಿಂದ ಒಂದು ಲೋಟ ಮಾಡಿಕೊಟ್ಟರು, ನೋಡಲು ನಿಂಬೆ ಶರಬತ್ತಿನ ಹಾಗೆ. ರುಚಿ ಚೆನ್ನಾಗಿತ್ತು, ಆದರೆ ಕಣ್ಣಿಗೆ ಆ ಕೆಂಪು ಬೇಕಲ್ಲ! ನೆಂಟರಿಗೆ ಕೊಟ್ಟರೆ ಇದು ಮುರುಗಲದ್ದು ಅಂತ ನಂಬುವುದೇ ಇಲ್ಲವಂತೆ.

ಬರುವಾಗ ಬೀಜ ಕಟ್ಟಿಕೊಳ್ಳಲು ಹೊರಟವಳನ್ನು ಮಾವ ತಡೆದರು. ಮುರುಗಲದಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಬೀಜದ ಗಿಡ ಹೂ ಬಿಡಲಿಕ್ಕೇ ಏಳೆಂಟು ವರ್ಷ ಬೇಕು, ಅಲ್ಲಿಯವರೆಗೆ ನೀರು ಹೊಯ್ದು ಸಾಕಿ ಕೊನೆಗೆ ಗಂಡು ಅಂತ ಗೊತ್ತಾದರೆ ಹಣ್ಣೆಲ್ಲಿ? ಹೆಣ್ಣಾದರೂ ಹಣ್ಣು ಹಳದಿಯೇ ಆಗುತ್ತದೆ ಅನ್ನುವ ಖಾತ್ರಿ ಇಲ್ಲ. ಇದೇ ಮರದ ಕಡ್ಡಿ ತಂದು ಕಸಿ ಕಟ್ಟಬೇಕು. ಕಡ್ಡಿ ಕೊಡಲು ಮಾವ ಒಪ್ಪಿದ್ದಾರೆ. ಕಸಿ ಕಟ್ಟಲು ಕೈ ಪಳಗಿದವರು ನಮ್ಮ ಓಣಿಯಲ್ಲೇ ಒಬ್ಬರಿದ್ದಾರೆ, ನಾಳೆ ಹೋಗಿ ಕೇಳಬೇಕು.