ಟ್ಯೂನ್ ಬಂತಾ, ಭ್ರಮೆ ಬಂತಾ?
ಗಾಂಜಾ ಹೊಡೆದ್ರೆ ಟ್ಯೂನ್ ತಾನಾಗೇ ಬರುತ್ತೆ ಅನ್ನೋ ಮಾತು ತುಮಕೂರಿನ ಅಮಾನಿಕೆರೆ ಏರಿ ಮೇಲೂ ಕೇಳುತ್ತೆ. ಬರೋದು ಟ್ಯೂನ್ ಅಲ್ಲ, ಬಂತು ಅನ್ನೋ ಭ್ರಮೆ. ಗಾಂಜಾದಲ್ಲಿ ಅಮಲೇರಿಸೋ ಟಿಎಚ್‌ಸಿ, ಮೆದುಳಲ್ಲಿ ನೆನಪು ನೋಡ್ಕೊಳ್ಳೋ ಹಿಪೊಕ್ಯಾಂಪಸ್ ಮೇಲೆ ಕೆಲಸ ಮಾಡ್ತಿರುವಾಗ ಈಗಷ್ಟೇ ಗುನುಗಿದ ಸಾಲೇ ಜಾರಿಹೋಗುತ್ತೆ, ಕಾಲ ಹಿಗ್ಗಿದಂತಾಗುತ್ತೆ. ಅಮಲಲ್ಲಿ ರೆಕಾರ್ಡ್ ಆಗಿದ್ದನ್ನ ಬೆಳಿಗ್ಗೆ ಲಯ ತಪ್ಪದೆ ಟಿಕ್ ಟಿಕ್ ಅನ್ನೋ ಮೆಟ್ರೊನೋಮ್ ಪಕ್ಕ ಇಟ್ಟು ಕೇಳಿ: ಆದಿತಾಳದ 8 ಎಣಿಕೆ ಎಲ್ಲೋ ಎಳೆದಿರುತ್ತೆ, ಎಲ್ಲೋ ಓಡಿರುತ್ತೆ. ಪಾಪ ಮೃದಂಗದವನು!

ದಿನಾ ಸೇದೋರು ಸೇದೋದು ನಿಲ್ಲಿಸಿದ್ರೆ 1–3 ದಿನದಲ್ಲಿ ಸಿಡುಕು, ನಿದ್ದೆಗೇಡು ಶುರು, ಊಟ ಸೇರಲ್ಲ. ಮೊದಲ ವಾರ ಜೋರು; ಸುಮಾರು 2 ವಾರಕ್ಕೆ ಇಳಿಯುತ್ತೆ, ಕೆಟ್ಟ ಕನಸು ಇನ್ನೊಂದಿಷ್ಟು ದಿನ. ಬಿಟ್ಟಾಗಿನ ಈ ಮಂಕನ್ನೇ 'ಇಲ್ದೆ ಬರೆಯೋಕಾಗಲ್ಲ' ಅನ್ನೋದಕ್ಕೆ ಸಾಕ್ಷಿ ಮಾಡ್ಕೊಂಡು ಮತ್ತೆ ಹಚ್ತಾರೆ. ಎಡವೋದು ಇಲ್ಲೇ. ಹಚ್ಚೋ ಮುಂಚೆ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಒಂದು ಫೋನ್ ಮಾಡಿ, ಕರೆಗೆ ದುಡ್ಡು ಬೀಳಲ್ಲ.