ಚಂದ್ರತಾಲ್ ದಾರಿಯಲ್ಲಿ ಒಂದು ಹಳ್ಳ

ಹಿಮಾಚಲದ ಚಂದ್ರತಾಲ್ ಕೆರೆ ನೋಡಲು ಮನಾಲಿಯಿಂದ ಬೆಳಗ್ಗೆ ಐದಕ್ಕೇ ಹೊರಡಬೇಕಿತ್ತು. ಹೊರಟಾಗ ಎಂಟೂವರೆ. ತಪ್ಪು ನನ್ನದೇ, ಅಲಾರಾಂ ಆರಿಸಿ ಮತ್ತೆ ಮಲಗಿಬಿಟ್ಟಿದ್ದೆ.

ಜೀಪಿಗೆ ಟ್ಯಾಂಕ್ ತುಂಬಾ ಡೀಸೆಲ್ ಹಾಕಿಸಿದೆವು. ಈ ದಾರಿಯಲ್ಲಿ ಮುಂದಿನ ಬಂಕ್ ಇರೋದು ಕಾಜಾದಲ್ಲಿ. 9 ಕಿಲೋಮೀಟರಿನ ಅಟಲ್ ಸುರಂಗ ಹೊಕ್ಕಾಗ ಸುತ್ತ ದೇವದಾರು ಕಾಡು, ಹೊರಬಂದಾಗ ಬೋಳು ಬೆಟ್ಟ. ಗ್ರಾಂಫುವಿನಲ್ಲಿ ಕಾಜಾ ಕಡೆ ತಿರುಗಿದ ಮೇಲೆ ರಸ್ತೆ ಅನ್ನೋದು ಹೆಸರಿಗಷ್ಟೇ. ರಾಷ್ಟ್ರೀಯ ಹೆದ್ದಾರಿ 505 ಅಂತೆ! ಅಲ್ಲಿಂದ ಬಾತಲ್‌ಗೆ ಸುಮಾರು 50 ಕಿಲೋಮೀಟರ್, ನಮಗೆ ಐದು ಗಂಟೆ ಹಿಡಿಯಿತು.

ಅದರಲ್ಲಿ ಒಂದು ಗಂಟೆ ಒಂದೇ ಹಳ್ಳಕ್ಕೆ ಹೋಯಿತು. ಛತ್ರು ದಾಟಿದ ಮೇಲೆ ನೀರು ರಸ್ತೆಯ ಮೇಲೇ ಹರಿಯುತ್ತಿತ್ತು. ಬಿಸಿಲು ಏರಿದಂತೆ ಮೇಲಿನ ಹಿಮ ಕರಗುತ್ತದೆ, ಹಾಗಾಗಿ ಮಧ್ಯಾಹ್ನ ಈ ಹಳ್ಳಗಳಲ್ಲಿ ನೀರು ಜಾಸ್ತಿ. ಆಳ ನೋಡೋಣ ಅಂತ ಪ್ಯಾಂಟ್ ಮಡಚಿ ಇಳಿದೆ. ಮೊಳಕಾಲುವರೆಗೆ ನೀರು, ಎರಡೇ ನಿಮಿಷಕ್ಕೆ ಪಾದ ಇದೆಯೋ ಇಲ್ಲವೋ ಗೊತ್ತಾಗಲಿಲ್ಲ. ನೀರಿನಡಿ ಕಲ್ಲುಗಳು ಉರುಳಿ ಒಂದಕ್ಕೊಂದು ತಾಗುವ ಸದ್ದು ಮಾತ್ರ ಸರಿಯಾಗಿ ಕೇಳುತ್ತಿತ್ತು. ಆಚೆ ದಡದಲ್ಲಿ ನಿಂತಿದ್ದ ಲಾರಿ ಡ್ರೈವರ್ ಒಬ್ಬ ಕೈಸನ್ನೆ ಮಾಡುತ್ತಾ ಕೂಗಿದ: ಫಸ್ಟ್ ಗೇರ್, ನಡುವೆ ನಿಲ್ಲಿಸಬೇಡ, ಕ್ಲಚ್ ಮುಟ್ಟಲೇಬೇಡ. ಸ್ಟಿಯರಿಂಗ್ ಹಿಡಿದಿದ್ದ ಗೆಳೆಯ ನನ್ನ ಕಡೆ ನೋಡಿ, "ನಿನ್ನ ನಿದ್ದೆಗಿಷ್ಟು ಬೆಂಕಿ ಹಾಕ" ಅಂದು ಆಕ್ಸಿಲರೇಟರ್ ಒತ್ತಿದ. ತಳಕ್ಕೆ ಕಲ್ಲೊಂದು ದಢಾರನೆ ಬಡಿಯಿತು. ದಾಟಿದೆವು.

ಬಾತಲ್‌ನಲ್ಲಿ ಚಹಾ. ಅಲ್ಲಿಂದ ಕೆರೆಯ ಕಡೆಗೆ 14 ಕಿಲೋಮೀಟರ್, ಒಂದೇ ಗಾಡಿ ಹಿಡಿಸುವ ದಾರಿ. ಎದುರಿಗೆ ಬಂದವರಿಗೆ ಜಾಗ ಬಿಡಲು ಎರಡು ಸಲ ರಿವರ್ಸ್ ಹೋದೆವು. ಒಂದು ಪಕ್ಕ ಬೆಟ್ಟ, ಇನ್ನೊಂದು ಪಕ್ಕ ತುಂಬಾ ಕೆಳಗೆ ಚಂದ್ರಾ ನದಿ. ನಾನು ಆ ಕಡೆ ನೋಡಲೇ ಇಲ್ಲ.

ಗಾಡಿ ಕೆರೆಯವರೆಗೆ ಹೋಗಲ್ಲ, ಕೊನೆಗೆ ಸ್ವಲ್ಪ ನಡೆಯಬೇಕು. 2005ರಿಂದ ಇದು ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಯಲ್ಲಿದೆ. ದಡದಲ್ಲಿ ಟೆಂಟ್ ಹಾಕುವಂತಿಲ್ಲ, ಕ್ಯಾಂಪುಗಳೆಲ್ಲ ಹಿಂದೆಯೇ ಇವೆ. ಒಳ್ಳೇದೇ ಆಯಿತು. ನಾವು ಹೋದಾಗ ಗಾಳಿ ನಿಂತಿತ್ತು, ಅಂಚಿನ ನೀರಲ್ಲಿ ತಳದ ಬೆಣಚುಕಲ್ಲುಗಳನ್ನು ಒಂದೊಂದಾಗಿ ಎಣಿಸಬಹುದಿತ್ತು. ಆಮೇಲೆ ಗಾಳಿ ಬೀಸಿತು, ಕೆರೆ ಪೂರ್ತಿ ಕಡುನೀಲಿ.

ಹೆಚ್ಚು ಹೊತ್ತು ಕೂರಲು ಆಗಲಿಲ್ಲ. ಸುಮಾರು 2,000 ಮೀಟರಿನ ಮನಾಲಿಯಿಂದ 4,250 ಮೀಟರಿಗೆ ಒಂದೇ ದಿನದಲ್ಲಿ ಏರಿದ್ದೆವು. ಇದು ದಡ್ಡತನ, ನೀವು ಮಾಡಬೇಡಿ, ನಡುವೆ ಎಲ್ಲಾದರೂ ಒಂದು ರಾತ್ರಿ ತಂಗಿ. ಗೆಳೆಯ ಶೂ ಲೇಸ್ ಕಟ್ಟಲು ಬಗ್ಗಿದವನು ಹಾಗೇ ತಲೆ ಹಿಡಿದು ಕೂತ. ಕ್ಯಾಂಪಿನಲ್ಲಿ ಇಬ್ಬರಿಗೂ ನಿದ್ದೆ ಹತ್ತಲಿಲ್ಲ.

ಬೆಳಗ್ಗೆ ಅಲಾರಾಂ ಬೇಕಾಗಲಿಲ್ಲ, ಐದಕ್ಕೆಲ್ಲ ಹೊರಟೆವು. ಎಂಟರ ಸುಮಾರಿಗೆ ಅದೇ ಹಳ್ಳ ಬಂತು. ಒಬ್ಬ ಬೈಕಿನವನು ಬೂಟು ನೆನೆಯದಂತೆ ಕಾಲೆತ್ತಿಕೊಂಡು ಆರಾಮಾಗಿ ದಾಟಿ ಹೋದ. ಗೆಳೆಯ ಏನೂ ಅನ್ನಲಿಲ್ಲ, ನನ್ನನ್ನೊಮ್ಮೆ ನೋಡಿದ ಅಷ್ಟೇ.