ಎವರ್‌ಗ್ಲೇಡ್ಸ್‌ಗೆ ಹೋಗುವುದಾದರೆ ನೀರು ಇಳಿದ ಮೇಲೆ ಹೋಗಿ

ಫ್ಲೋರಿಡಾದ ಎವರ್‌ಗ್ಲೇಡ್ಸ್ ನ್ಯಾಷನಲ್ ಪಾರ್ಕ್‌ಗೆ ಜೂನ್–ಜುಲೈ ರಜೆಯಲ್ಲಿ ಹೋದವರು ಹೆಚ್ಚಾಗಿ ಸೊಳ್ಳೆ ಕಚ್ಚಿಸಿಕೊಂಡು, ಪ್ರಾಣಿಗಳೇ ಕಾಣಲಿಲ್ಲ ಎಂದು ವಾಪಸಾಗುತ್ತಾರೆ. ಅದು ಅಲ್ಲಿನ ಮಳೆಗಾಲ. ಎಲ್ಲೆಲ್ಲೂ ನೀರು ನಿಂತಾಗ ಮೀನು ಚದುರುತ್ತದೆ, ಮೀನಿನ ಹಿಂದೆ ಹಕ್ಕಿಗಳೂ ಚದುರುತ್ತವೆ. ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ನೀರು ಇಳಿಯುತ್ತಾ ಹೋಗಿ ಕೆಲವೇ ಗುಂಡಿಗಳಲ್ಲಿ ಉಳಿಯುತ್ತದೆ. ಈ ಗುಂಡಿಗಳಲ್ಲಿ ಎಷ್ಟನ್ನೋ ಅಲಿಗೇಟರ್‌ಗಳೇ (ಮೊಸಳೆಯ ಸಂಬಂಧಿಗಳು) ಮಾಡಿಕೊಂಡಿರುತ್ತವೆ: ಮೂತಿ, ಕಾಲು, ಬಾಲದಿಂದ ಕೆಸರು ತಳ್ಳಿ ಸುಣ್ಣಕಲ್ಲಿನವರೆಗೆ ತೋಡುತ್ತವೆ. ಬರಗಾಲದಲ್ಲಿ ಮೀನು, ಆಮೆ, ಕೊಕ್ಕರೆ ಎಲ್ಲವೂ ಬದುಕುವುದು ಆ ಗುಂಡಿಯ ಆಸರೆಯಲ್ಲಿ.

ಪಾರ್ಕ್‌ಗೆ ಹೋಮ್‌ಸ್ಟೆಡ್, ಶಾರ್ಕ್ ವ್ಯಾಲಿ, ಎವರ್‌ಗ್ಲೇಡ್ಸ್ ಸಿಟಿ ಎಂಬ ಮೂರು ಕಡೆಯಿಂದ ದಾರಿಯಿದೆ. ಇವುಗಳ ನಡುವೆ ಪಾರ್ಕ್ ಒಳಗೆ ರಸ್ತೆ ಇಲ್ಲ. ಹೊರಗೆ ಬಂದು ಸುತ್ತಿ ಹೋಗಬೇಕು. ಒಂದೇ ದಿನದಲ್ಲಿ ಎಲ್ಲವನ್ನೂ ಮುಗಿಸುವ ಯೋಜನೆ ಕೆಡುವುದು ಇಲ್ಲೇ. ಒಂದೇ ದಿನವಿದ್ದರೆ ಹೋಮ್‌ಸ್ಟೆಡ್ ದಾರಿಯನ್ನೇ ಹಿಡಿಯಿರಿ. ಪೆಟ್ರೋಲ್, ನೀರು, ಊಟ ಊರಲ್ಲೇ ತುಂಬಿಸಿಕೊಳ್ಳಿ. ಮಾವು, ಹಲಸು, ಸಪೋಟ ಬೆಳೆಯುವ ಸೀಮೆ ಅದು, ರಸ್ತೆಬದಿ ಹಣ್ಣಿನಂಗಡಿ ನೋಡಿದರೆ ಊರಿನ ನೆನಪಾಗುತ್ತದೆ. ಗೇಟಿನಲ್ಲಿ ನಗದು ನಡೆಯುವುದಿಲ್ಲ, ಕಾರ್ಡ್ ಬೇಕು.

ಬೆಳಗ್ಗೆ ಮೊದಲು ರಾಯಲ್ ಪಾಮ್‌ನ ಅನ್‌ಹಿಂಗಾ ಟ್ರೇಲ್. ಕೆಲವೆಡೆ ಮರದ ಹಲಗೆ ಹಾಸಿದ ದಾರಿ, ಹೋಗಿಬರಲು ಒಂದೂಕಾಲು ಕಿಲೋಮೀಟರ್ ಅಷ್ಟೆ, ಆದರೂ ಎರಡು ಗಂಟೆ ಇಟ್ಟುಕೊಳ್ಳಿ. ಅನ್‌ಹಿಂಗಾ ನಮ್ಮ ರಂಗನತಿಟ್ಟಿನ ಹಾವಕ್ಕಿಯ ಹತ್ತಿರದ ಸಂಬಂಧಿ. ಗರಿಗೆ ನೀರು ಹೀರುವ ಗುಣವಿರುವುದರಿಂದ ಸಲೀಸಾಗಿ ಮುಳುಗುತ್ತದೆ. ಅದೇ ಕಾರಣಕ್ಕೆ ಮೀನು ಹಿಡಿದಾದ ಮೇಲೆ ರೆಕ್ಕೆ ಹರಡಿ ಒಣಗಿಸಿಕೊಳ್ಳಲೇಬೇಕು. ಕೈಯಳತೆಯ ದೂರದಲ್ಲಿ ಅದು ಮೀನನ್ನು ಕೊಕ್ಕಿನಿಂದ ಚುಚ್ಚಿ, ಗಾಳಿಯಲ್ಲಿ ಚಿಮ್ಮಿಸಿ, ತಲೆಯ ಕಡೆಯಿಂದ ನುಂಗುವುದನ್ನು ನೋಡಬಹುದು. ಅಲ್ಲಿನ ಪಾರ್ಕಿಂಗ್‌ನಲ್ಲಿ ಕಪ್ಪು ರಣಹದ್ದುಗಳು ಕಾರಿನ ವೈಪರ್, ಕಿಟಕಿಯ ರಬ್ಬರ್ ಕಿತ್ತು ಹಾಕುತ್ತವೆ. ಟಾರ್ಪಾಲು ಇಟ್ಟಿದ್ದರೆ ಸಂಕೋಚವಿಲ್ಲದೆ ಹೊದಿಸಿ.

ಅಲ್ಲಿಂದ ಪಾರ್ಕ್‌ನ ದಕ್ಷಿಣ ತುದಿಯ ಫ್ಲಮಿಂಗೊ ಎಂಬ ಜಾಗಕ್ಕೆ ಹೋಗುವ ರಸ್ತೆಯಲ್ಲಿ ‘ರಾಕ್ ರೀಫ್ ಪಾಸ್, ಎತ್ತರ 3 ಅಡಿ’ ಎಂಬ ಬೋರ್ಡ್ ಬರುತ್ತದೆ. ನಗಬೇಡಿ, ಇಲ್ಲಿ ಅರ್ಧ ಅಡಿಯ ಏರಿಳಿತವೇ ಕಾಡನ್ನು ಬದಲಿಸುತ್ತದೆ. ತಗ್ಗಿನಲ್ಲಿ ಸಾಗ್ರಾಸ್ ಜೊಂಡು (ಅಂಚು ಕೈ ಕೊಯ್ಯುತ್ತದೆ, ಸವರಬೇಡಿ), ತುಸು ದಿಬ್ಬದಲ್ಲಿ ಮಹಾಗನಿ ತೋಪು, ಉಪ್ಪುನೀರು ಸೇರುವಲ್ಲಿ ಕಾಂಡ್ಲಾ (ಮ್ಯಾಂಗ್ರೋವ್). ಇದೇ ರಸ್ತೆಯಲ್ಲಿ ಸಿಗುವ ಪಾ-ಹೇ-ಒಕೀ (ಜೊಂಡಿನ ಬಯಲು), ಮಹಾಗನಿ ಹ್ಯಾಮಕ್ (ಮಹಾಗನಿ ತೋಪು) ಎರಡೂ ಕಡೆ ಇಳಿದು ನೋಡಿದರೆ ಈ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ.

ಗೇಟಿನಿಂದ 38 ಮೈಲಿ ದೂರದ ಫ್ಲಮಿಂಗೊದ ದೋಣಿಕಟ್ಟೆಯಲ್ಲಿ ಮೊಸಳೆ, ಮ್ಯಾನೆಟಿ (ಕಡಲಹಸು) ಎರಡೂ ಕಾಣುವ ಸಾಧ್ಯತೆ ಹೆಚ್ಚು. ಅಲಿಗೇಟರ್ ಮತ್ತು ಅಮೆರಿಕನ್ ಮೊಸಳೆ ಒಟ್ಟಿಗೆ ಕಾಡಿನಲ್ಲಿ ಬದುಕುವುದು ದಕ್ಷಿಣ ಫ್ಲೋರಿಡಾದಲ್ಲಿ ಮಾತ್ರ. ಅಲಿಗೇಟರ್ ಮೈ ಕಪ್ಪು, ಮೂತಿ ಅಗಲ. ಮೊಸಳೆ ಬೂದುಹಸಿರು, ಮೂತಿ ಚೂಪು. ಬಾಯಿ ಮುಚ್ಚಿದ್ದರೂ ಕೆಳಗಿನ ನಾಲ್ಕನೇ ಹಲ್ಲು ಹೊರಗೆ ಕಾಣುತ್ತದೆ. ಎರಡರಿಂದಲೂ ಕನಿಷ್ಠ 15 ಅಡಿ ದೂರವಿರಿ. ತಿನ್ನಲು ಏನನ್ನೂ ಎಸೆಯಬೇಡಿ: ಮನುಷ್ಯರೆಂದರೆ ಊಟ ಎಂದು ಕಲಿತ ಅಲಿಗೇಟರ್ ಅಪಾಯಕಾರಿಯಾಗುತ್ತದೆ, ಕೊನೆಗೆ ಅದನ್ನೇ ಕೊಲ್ಲಬೇಕಾಗುತ್ತದೆ.

ಎರಡನೇ ದಿನವಿದ್ದರೆ ಶಾರ್ಕ್ ವ್ಯಾಲಿ. 15 ಮೈಲಿ ಡಾಂಬರು ಸುತ್ತು, ಅರ್ಧದಲ್ಲಿ ವೀಕ್ಷಣಾ ಗೋಪುರ. ಟ್ರ್ಯಾಮ್ ಇದೆ, ಬಾಡಿಗೆ ಸೈಕಲ್ ಇದೆ, ನೆರಳು ಮಾತ್ರ ಇಲ್ಲ. ತಲೆಗೆ ಟೋಪಿ, ಒಬ್ಬೊಬ್ಬರಿಗೆ ಎರಡು ಲೀಟರ್ ನೀರು ಬೇಕು. ಚಳಿಗಾಲದ ವಾರಾಂತ್ಯದಲ್ಲಿ ಪಾರ್ಕಿಂಗ್ ಬೇಗ ತುಂಬುತ್ತದೆ, ಬೆಳಗ್ಗೆ ಗೇಟು ತೆರೆಯುವ ಹೊತ್ತಿಗೇ ತಲುಪಿ. ನಡುವೆ ಅಡ್ಡದಾರಿ ಇಲ್ಲ. ಗೋಪುರ ದಾಟಿದ ಮೇಲೆ ಸುಸ್ತಾದರೂ ಏಳೂವರೆ ಮೈಲಿ ತುಳಿಯಲೇಬೇಕು. ವಯಸ್ಸಾದ ಅಪ್ಪ ಅಮ್ಮ, ಸಣ್ಣ ಮಕ್ಕಳು ಜೊತೆಗಿದ್ದರೆ ಸೈಕಲ್‌ನಲ್ಲಿ ಸುತ್ತುವ ಆಸೆ ಬಿಡಿ. ಕಾಲುವೆಯ ಪಕ್ಕದ ನೇರ ರಸ್ತೆಯಲ್ಲಿ ಒಂದು ಮೈಲಿ ನಡೆದು ಹಿಂತಿರುಗಿದರೂ, ದಡದಲ್ಲಿ ಬಿಸಿಲು ಕಾಯುವ ಅಲಿಗೇಟರ್‌ಗಳು ಸಾಕಷ್ಟು ಸಿಗುತ್ತವೆ.